ವಾಕ್ಯದ ಬಾಲ ಹಿಡಿದು ತಿದ್ದುವುದು

ಮಂಡ್ಯ ಸುತ್ತಿನ ಬೇಸಾಯ, ನೀರಾವರಿ, ಊರುಗಳ ಚರಿತ್ರೆ ಇವುಗಳ ಬಗ್ಗೆ ಸ್ಮರಣ ಸಂಚಿಕೆಗಳಿಗೂ ಪತ್ರಿಕೆಗಳಿಗೂ ನಾನು ಬರೆಯುವುದು ಸಾಮಾನ್ಯವಾಗಿ 1,200 ಪದಗಳ ಲೇಖನ. ಬರೆಯುವುದಕ್ಕೆ ಹಿಡಿಯುವಷ್ಟೇ ಹೊತ್ತನ್ನು ತಿದ್ದುವುದಕ್ಕೂ ಇಟ್ಟುಕೊಳ್ಳುತ್ತೇನೆ. ಕನ್ನಡದಲ್ಲಿ ತಿದ್ದುವ ಕೆಲಸ ವಾಕ್ಯದ ಕೊನೆಯಿಂದ, ಅಂದರೆ ಕ್ರಿಯಾಪದದಿಂದ ಶುರುವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾರು ಮಾಡಿದರು, ಒಬ್ಬರೋ ಹಲವರೋ, ಯಾವಾಗ ಮಾಡಿದರು, ಅವರಿಗೆ ಗೌರವ ಕೊಟ್ಟು ಹೇಳುತ್ತಿದ್ದೇವೋ ಇಲ್ಲವೋ, ಇಷ್ಟೂ ನಮ್ಮ ಭಾಷೆಯಲ್ಲಿ ಆ ಕೊನೆಯ ಪದದಲ್ಲೇ ಇರುತ್ತದೆ. ಅದು ಸಡಿಲವಾದರೆ ವಾಕ್ಯವೆಲ್ಲ ಸಡಿಲ.

ಬರೆದು ಮುಗಿಸಿದ ಮೇಲೆ ಎರಡು ದಿನ ಅದನ್ನು ಮುಟ್ಟುವುದಿಲ್ಲ. ಗಡುವು ತೀರಾ ಹತ್ತಿರವಿದ್ದರೂ ಒಂದು ರಾತ್ರಿಯಾದರೂ ಬಿಡಬೇಕು. ಬರೆದ ಬಿಸಿಯಲ್ಲಿ ಓದಿದರೆ ಕಣ್ಣು ಹಾಳೆಯ ಮೇಲಿರುವುದನ್ನು ಓದುವುದಿಲ್ಲ, ತಲೆಯಲ್ಲಿರುವುದನ್ನು ಓದುತ್ತದೆ. ಆಮೇಲೆ ಎ4 ಹಾಳೆಯ ಒಂದೇ ಬದಿಗೆ, 14 ಪಾಯಿಂಟ್ ಅಕ್ಷರ, ಸಾಲಿನ ನಡುವೆ ಒಂದೂವರೆ ಅಂತರ, ಬಲಗಡೆ ಎರಡು ಇಂಚು ಖಾಲಿ ಬಿಟ್ಟು ಮುದ್ರಿಸಿಕೊಳ್ಳುತ್ತೇನೆ. ಟೈಪ್ ಮಾಡಿದ ಫಾಂಟ್ ಬಿಟ್ಟು ಬೇರೆ ಫಾಂಟಿನಲ್ಲಿ ಮುದ್ರಿಸಿದರೆ ಇನ್ನೂ ಒಳ್ಳೆಯದು. ಸಾಲುಗಳು ಬೇರೆ ಕಡೆ ಮುರಿಯುತ್ತವೆ, ಕಣ್ಣಿಗೆ ಹೊಸ ಬರಹದ ಹಾಗೆ ಕಾಣುತ್ತದೆ.

ಮೊದಲ ಸುತ್ತಿನಲ್ಲಿ ಒಂದು ಪದವನ್ನೂ ತಿದ್ದುವುದಿಲ್ಲ. ಪ್ರತಿ ಪ್ಯಾರಾದ ಪಕ್ಕ ಅದು ಹೇಳುವ ವಿಷಯವನ್ನು ನಾಲ್ಕೈದು ಪದದಲ್ಲಿ ಬರೆಯುತ್ತೇನೆ. ಆ ಟಿಪ್ಪಣಿಗಳನ್ನಷ್ಟೇ ಮೇಲಿನಿಂದ ಕೆಳಗೆ ಓದಿದರೆ ಲೇಖನದ ಎಲುಬು ಕಾಣುತ್ತದೆ. ಎರಡು ಪ್ಯಾರಾಗಳಿಗೆ ಒಂದೇ ಟಿಪ್ಪಣಿ ಬಂದರೆ ಸೇರಿಸಬೇಕು. ಒಂದೇ ಪ್ಯಾರಾಕ್ಕೆ ಎರಡು ಟಿಪ್ಪಣಿ ಬೇಕಾದರೆ ಒಡೆಯಬೇಕು. ಟಿಪ್ಪಣಿ ಬರೆಯಲು ಏನೂ ಸಿಗದಿದ್ದರೆ ಅದು ಹೋಗಬೇಕು, ಮತ್ತು ಹಾಗೆ ಹೋಗುವುದು ಹೆಚ್ಚಾಗಿ ಮೊದಲ ಪ್ಯಾರಾ. ‘ಸಕ್ಕರೆಯ ನಾಡು ಎಂದೇ ಪ್ರಸಿದ್ಧವಾದ ಮಂಡ್ಯ’, ‘ಸಾಂಸ್ಕೃತಿಕ ನಗರಿ ಮೈಸೂರು’ ಎಂದು ಶುರುವಾಗುವ ಪ್ಯಾರಾ ಓದುಗನಿಗೆ ಗೊತ್ತಿಲ್ಲದ ಯಾವುದನ್ನೂ ಹೇಳುವುದಿಲ್ಲ. ಎರಡನೆಯ ಪ್ಯಾರಾದಿಂದ ಓದಿ ನೋಡಿ, ಏನೂ ಕಡಿಮೆಯಾಗಿಲ್ಲ ಅನಿಸಿದರೆ ಮೊದಲನೆಯದನ್ನು ತೆಗೆಯಿರಿ. ತೆಗೆದದ್ದನ್ನು ಎಸೆಯಬೇಡಿ. ‘ಕತ್ತರಿಸಿದ್ದು’ ಎಂಬ ಬೇರೆ ಫೈಲಿನಲ್ಲಿ ಹಾಕಿಡಿ. ಅಲ್ಲಿ ಇದೆ ಎಂಬ ಧೈರ್ಯವಿದ್ದರೆ ಕತ್ತರಿಸುವ ಕೈ ಹಿಂಜರಿಯುವುದಿಲ್ಲ.

ಇನ್ನು ಕ್ರಿಯಾಪದದ ಸುತ್ತು. ಹೈಲೈಟರ್ ಹಿಡಿದು ಪ್ರತಿ ವಾಕ್ಯದ ಕೊನೆಯ ಪದಕ್ಕೆ ಬಣ್ಣ ಬಳಿಯುತ್ತೇನೆ. ಆಮೇಲೆ ಬಣ್ಣದ ಪದಗಳನ್ನು ಮಾತ್ರ ಓದುತ್ತೇನೆ. ‘ಆಗಿದೆ, ಮಾಡಲಾಯಿತು, ಹೊಂದಿದೆ, ಆಗಿದೆ, ನಡೆಸಲಾಗುತ್ತದೆ’ ಎಂದು ಸಾಲು ಬಂದರೆ ಆ ಪುಟ ಸತ್ತಿದೆ ಎಂದೇ ಅರ್ಥ. ಒಂದು ಉದಾಹರಣೆ:

‘ಆಲೆಮನೆಯಲ್ಲಿ ಕಬ್ಬಿನ ರಸವನ್ನು ಕೊಪ್ಪರಿಗೆಯಲ್ಲಿ ಕುದಿಸುವ ಪ್ರಕ್ರಿಯೆಯನ್ನು ನಡೆಸಲಾಗುತ್ತದೆ ಮತ್ತು ಅದರ ಮೂಲಕ ಬೆಲ್ಲವನ್ನು ತಯಾರಿಸುವ ಕಾರ್ಯವನ್ನು ಮಾಡಲಾಗುತ್ತದೆ.’

ಇದರಲ್ಲಿ 14 ಪದ. ನಿಜವಾಗಿ ನಡೆಯುವ ಕೆಲಸ ಎರಡೇ: ಕುದಿಸುವುದು, ಬೆಲ್ಲ ಮಾಡುವುದು. ಅವೆರಡೂ ವಾಕ್ಯದ ಹೊಟ್ಟೆಯೊಳಗೆ ಸಿಕ್ಕಿಬಿದ್ದು, ಕೊನೆಯಲ್ಲಿ ‘ನಡೆಸು’, ‘ಮಾಡು’ ಎಂಬ ಟೊಳ್ಳು ಕ್ರಿಯೆಗಳು ಕೂತಿವೆ. ಒಳಗಿನ ಕ್ರಿಯೆಯನ್ನು ಎಳೆದು ಕೊನೆಗೆ ತಂದರೆ ಸಾಕು: ‘ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ ಬೆಲ್ಲ ಮಾಡುತ್ತಾರೆ.’ ಏಳು ಪದ. ‘ಪ್ರಕ್ರಿಯೆ’, ‘ಕಾರ್ಯ’, ‘ಮೂಲಕ’, ‘ಮತ್ತು’ ತಾವಾಗಿಯೇ ಉದುರಿದವು. ‘ರಸ’ ಇದ್ದಲ್ಲಿ ಆಲೆಮನೆಯವರ ಮಾತಾದ ‘ಹಾಲು’ ಬಂದು ಕೂತಿತು.

‘ಮಾಡಲಾಯಿತು’ ಎಂಬಲ್ಲಿ ಇನ್ನೊಂದು ಅಪಾಯವಿದೆ. ‘ಗೇಟುಗಳನ್ನು ತೆರೆಯಲಾಯಿತು’ ಎಂದಾಗ ಯಾರು ತೆರೆದರು ಎಂಬುದು ಬರೆದವನಿಗೇ ಗೊತ್ತಿರದೆ ಇರಬಹುದು. ಅದನ್ನು ‘ತೆರೆದರು’ ಎಂದು ಬದಲಿಸಲು ಹೋದಾಗ ಕರ್ತೃ ಬೇಕಾಗುತ್ತದೆ. ಅದು ಸಿಗದಿದ್ದರೆ ತಿದ್ದುವುದು ವ್ಯಾಕರಣವನ್ನಲ್ಲ, ಫೋನ್ ಮಾಡಿ ಕೇಳಬೇಕು. ಮಾಡಿದವರು ಮುಖ್ಯವಲ್ಲದ ಕಡೆ ಕನ್ನಡದಲ್ಲಿ ಸುಲಭದ ದಾರಿ ಇದ್ದೇ ಇದೆ: ‘ಮಂಡ್ಯದ ಸಕ್ಕರೆ ಕಾರ್ಖಾನೆ ಹುಟ್ಟಿದ್ದು 1933ರಲ್ಲಿ.’

‘ಆಗಿದೆ’ಯ ಕಾಟಕ್ಕೆ ಮದ್ದು ಇನ್ನೂ ಸುಲಭ. ‘ಮೇಲುಕೋಟೆಯು ಪಾಂಡವಪುರ ತಾಲ್ಲೂಕಿನಲ್ಲಿರುವ ಒಂದು ಪ್ರಸಿದ್ಧವಾದ ಯಾತ್ರಾಸ್ಥಳವಾಗಿದೆ’ ಎನ್ನುವ ಕಡೆ ‘ಮೇಲುಕೋಟೆ ಪಾಂಡವಪುರ ತಾಲ್ಲೂಕಿನ ಯಾತ್ರಾಸ್ಥಳ’ ಎಂದರೆ ವಾಕ್ಯ ಪೂರ್ತಿಯಾಯಿತು. ಕನ್ನಡಕ್ಕೆ ಇಲ್ಲಿ ಕ್ರಿಯಾಪದವೇ ಬೇಡ. ‘ಒಂದು’ ಕೂಡ ಬೇಡ. ‘ಪ್ರಸಿದ್ಧವಾದ’ ಎನ್ನುವುದರ ಬದಲು ವೈರಮುಡಿ ಉತ್ಸವದ ಹೆಸರು ಹೇಳಿದರೆ ಪ್ರಸಿದ್ಧಿ ತಾನೇ ತಿಳಿಯುತ್ತದೆ.

ಬಣ್ಣದ ಪದದಿಂದ ಹಿಂದಕ್ಕೆ ಕರ್ತೃವಿನವರೆಗೆ ಒಂದು ಗೆರೆ ಎಳೆಯುವುದು ಮುಂದಿನ ಹೆಜ್ಜೆ. ನಡುವೆ ಐದು ಪದಕ್ಕಿಂತ ಹೆಚ್ಚಿದ್ದರೆ ವಚನ ತಪ್ಪುವ ಸಂಭವ ಹೆಚ್ಚು. ‘ರೈತರು ತಂದ ಕಬ್ಬಿನ ಗಾಡಿಗಳು ಕಾರ್ಖಾನೆಯ ಗೇಟಿನ ಮುಂದೆ ಬೆಳಗಿನಿಂದ ಸಂಜೆಯವರೆಗೆ ಸಾಲುಗಟ್ಟಿ ನಿಂತಿತ್ತು’ ಎಂಬಲ್ಲಿ ‘ಗಾಡಿಗಳು’ ಅಷ್ಟು ದೂರವಿರುವುದರಿಂದ ‘ನಿಂತಿತ್ತು’ ಕಿವಿಗೆ ಸರಿ ಅನ್ನಿಸಿಬಿಡುತ್ತದೆ. ಗೆರೆ ಎಳೆದರೆ ‘ನಿಂತಿದ್ದವು’ ಆಗಬೇಕೆಂದು ತಕ್ಷಣ ಗೊತ್ತಾಗುತ್ತದೆ. ‘ಅವರು’ ಎಂಬ ಪದಕ್ಕೂ ಹೀಗೇ ಗೆರೆ ಎಳೆಯಿರಿ. ‘ತಹಶೀಲ್ದಾರರು ರೈತರನ್ನು ಭೇಟಿಯಾದರು. ಅವರು ಹಳೆಯ ದಾಖಲೆ ತಂದಿದ್ದರು.’ ತಂದವರು ಯಾರು? ಗೌರವದ ಬಹುವಚನ, ಎಣಿಕೆಯ ಬಹುವಚನ ಎರಡಕ್ಕೂ ನಮ್ಮಲ್ಲಿ ರೂಪ ಒಂದೇ ಆದ್ದರಿಂದ ಕ್ರಿಯಾಪದ ಇಲ್ಲಿ ನೆರವಿಗೆ ಬರುವುದಿಲ್ಲ. ಹೆಸರನ್ನೋ ಹುದ್ದೆಯನ್ನೋ ಮತ್ತೊಮ್ಮೆ ಬರೆಯಬೇಕು. ಪದ ಮರುಕಳಿಸಿತು ಎಂದು ಹಿಂಜರಿಯಬೇಕಿಲ್ಲ.

ವಿಶೇಷಣದ ಜಾಗವನ್ನೂ ಈ ಸುತ್ತಿನಲ್ಲೇ ನೋಡುತ್ತೇನೆ. ‘ಹಳೆಯ ಮೈಸೂರಿನ ಮನೆಗಳು’ ಎಂದರೆ ಮನೆ ಹಳೆಯದೋ, ಹಳೆ ಮೈಸೂರು ಪ್ರಾಂತ್ಯದ ಮನೆಯೋ? ‘ಮೈಸೂರಿನ ಹಳೆಯ ಮನೆಗಳು’ ಎಂದರೆ ಗೊಂದಲವಿಲ್ಲ.

ಜನರ ಮಾತನ್ನು ಮಂಡ್ಯದ ಬಾಯಲ್ಲೇ ಕೊಡುವಾಗಲೂ ಬಾಲವೇ ಮುಖ್ಯ. ‘ನಾಲೆಗೆ ನೀರ್ ಬುಟ್ಟವ್ರೆ, ನಾಳೆ ಒಟ್ಲು ಆಕ್ತೀವಿ’ (ನೀರು ಬಿಟ್ಟಿದ್ದಾರೆ, ನಾಳೆ ಭತ್ತದ ಸಸಿಮಡಿ ಹಾಕುತ್ತೇವೆ) ಎಂಬುದರಲ್ಲಿ ಸೀಮೆ ಗೊತ್ತಾಗುವುದು ‘ಬುಟ್ಟವ್ರೆ’, ‘ಆಕ್ತೀವಿ’ ಇವುಗಳಿಂದ. ಉಳಿದ ಪದಗಳನ್ನು ಬೇಕೆಂದೇ ಒಡೆದು ಬರೆದರೆ ಓದಲು ತೊಡಕು, ಆಡಿದವರಿಗೂ ಅವಮಾನ. ಒಬ್ಬರೇ ಒಂದು ಸಾಲಿನಲ್ಲಿ ‘ಹೋಗ್ತೀನಿ’, ಇನ್ನೊಂದರಲ್ಲಿ ‘ಓಯ್ತೀನಿ’ ಎಂದರೆ ಆ ಮಾತು ನಂಬಿಕೆ ಕಳೆದುಕೊಳ್ಳುತ್ತದೆ. ಒಬ್ಬೊಬ್ಬರ ಮಾತನ್ನು ಬೇರೆ ಹಾಳೆಗೆ ಇಳಿಸಿಕೊಂಡು ಒಟ್ಟಿಗೆ ಓದಿದರೆ ಇಂಥವು ಸಿಕ್ಕಿಬೀಳುತ್ತವೆ.

ಮೂರನೆಯ ಸುತ್ತು ಅಂಕಿ-ಅಂಶಗಳದ್ದು. ಇಲ್ಲಿ ಭಾಷೆಯನ್ನು ಓದುವುದೇ ಇಲ್ಲ. ಇಸವಿ, ಅಳತೆ, ಊರು, ಹೆಸರು ಇವಿಷ್ಟಕ್ಕೆ ಮಾತ್ರ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಮೂಲ ದಾಖಲೆ ನೋಡಿ ಒಂದೊಂದಕ್ಕೇ ಗುರುತು ಹಾಕುತ್ತೇನೆ. ನಮ್ಮ ಸೀಮೆಯ ಬರಹಗಳಲ್ಲಿ ಅತಿ ಹೆಚ್ಚು ಎಡವುವುದು ನೀರಿನ ಲೆಕ್ಕದಲ್ಲಿ. ಟಿಎಂಸಿ ಎಂದರೆ ನಿಂತ ನೀರಿನ ಪ್ರಮಾಣ, ನೂರು ಕೋಟಿ ಘನ ಅಡಿ. ಕ್ಯೂಸೆಕ್ ಎಂದರೆ ಹರಿವು, ಸೆಕೆಂಡಿಗೆ ಒಂದು ಘನ ಅಡಿ. ‘20,000 ಕ್ಯೂಸೆಕ್ ನೀರು ಸಂಗ್ರಹವಾಯಿತು’ ಎಂಬ ವಾಕ್ಯಕ್ಕೆ ಅರ್ಥವೇ ಇಲ್ಲ. ತಾಳೆ ನೋಡಲು ಒಂದು ಅಂಕಿ ನೆನಪಿಟ್ಟರೆ ಸಾಕು: ಸುಮಾರು 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಆ ಲೆಕ್ಕದಲ್ಲಿ 20,000 ಕ್ಯೂಸೆಕ್ ದಿನಪೂರ್ತಿ ಬಂದರೆ 1.73 ಟಿಎಂಸಿ. ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟೆಯ, ಗರಿಷ್ಠ ಮಟ್ಟ 124.80 ಅಡಿ, ಆಗ ನೀರು 49.45 ಟಿಎಂಸಿ. ಒಂದೇ ದಿನದಲ್ಲಿ ಹತ್ತು ಟಿಎಂಸಿ ಏರಿತು ಎಂದು ಬರೆದಿದ್ದರೆ ಎಲ್ಲೋ ಸೊನ್ನೆ ಜಾರಿದೆಯೇ ಎಂದು ನೋಡಬೇಕು.

ಜಮೀನಿನ ಲೆಕ್ಕದಲ್ಲೂ ಹೀಗೇ. ಪಹಣಿಯಲ್ಲಿ 2-20 ಎಂದರೆ 2 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಅದು ಎರಡೂವರೆ ಎಕರೆ. ಅದನ್ನು 2.20 ಎಂದು ಟೈಪ್ ಮಾಡಿದರೆ ಓದುವವರ ಲೆಕ್ಕದಲ್ಲಿ ಹನ್ನೆರಡು ಗುಂಟೆ ಹೋಯಿತು. ಎಕರೆ, ಗುಂಟೆ ಎಂದು ಅಕ್ಷರದಲ್ಲೇ ಬರೆಯುವುದು ಕ್ಷೇಮ.

ಇಸವಿ ಸರಿಯಿದ್ದೂ ವಾಕ್ಯ ತಪ್ಪಾಗಬಹುದು. ಶಿವಪುರದ ಧ್ವಜ ಸತ್ಯಾಗ್ರಹ ನಡೆದದ್ದು 1938ರಲ್ಲಿ, ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ. ಆದ್ದರಿಂದ ‘1938ರಲ್ಲಿ ಮಂಡ್ಯ ಜಿಲ್ಲೆಯ ಶಿವಪುರದಲ್ಲಿ’ ಎನ್ನುವುದಕ್ಕಿಂತ ‘ಈಗಿನ ಮಂಡ್ಯ ಜಿಲ್ಲೆಯ’ ಎನ್ನಬೇಕು. 1973ರ ನವೆಂಬರ್ 1ಕ್ಕಿಂತ ಹಿಂದಿನ ಸಂಗತಿ ಹೇಳುವಾಗ ರಾಜ್ಯದ ಹೆಸರು ಮೈಸೂರು ಎಂಬುದನ್ನೂ ಮರೆಯಬಾರದು. ಇನ್ನು ‘ಕನ್ನಂಬಾಡಿ ಕಟ್ಟೆ 1911ರಲ್ಲಿ ನಿರ್ಮಾಣವಾಯಿತು’ ಎಂಬ ವಾಕ್ಯ ಕೆಡುವುದು ಮತ್ತೆ ಬಾಲದಲ್ಲೇ. 1911 ಕೆಲಸ ಶುರುವಾದ ವರ್ಷ, ಮುಗಿಯಲು ಸುಮಾರು ಎರಡು ದಶಕ ಹಿಡಿಯಿತು. ಪಕ್ಕದಲ್ಲಿ ಇಸವಿ ಇರುವ ಪ್ರತಿ ಕ್ರಿಯಾಪದವನ್ನೂ ಶುರುವಾಯಿತೇ, ಮುಗಿಯಿತೇ, ಉದ್ಘಾಟನೆಯಾಯಿತೇ ಎಂದು ಕೇಳಬೇಕು.

ಆಮೇಲೆ ಗಟ್ಟಿಯಾಗಿ ಓದುವುದು. ಉಸಿರು ಸಿಕ್ಕಿದಲ್ಲಿ, ನಾಲಿಗೆ ತೊಡರಿದಲ್ಲಿ ನಿಲ್ಲದೆ ಒಂದು ಗೀಟು ಹಾಕಿ ಮುಂದೆ ಹೋಗುತ್ತೇನೆ. ಕೊನೆಮುಟ್ಟಿದ ಮೇಲೆ ಗೀಟುಗಳ ಹತ್ತಿರ ಬರುತ್ತೇನೆ. ‘ಮಾಡಿ, ಹೋಗಿ, ತಂದು, ಕೊಟ್ಟು’ ಎಂದು ಮೂರಕ್ಕಿಂತ ಹೆಚ್ಚು ಪೋಣಿಸಿದ ಕಡೆ ಸಾಮಾನ್ಯವಾಗಿ ಗೀಟು ಬಿದ್ದಿರುತ್ತದೆ. ಅಲ್ಲಿ ವಾಕ್ಯ ಒಡೆಯಬೇಕು. ಮೊಬೈಲಿನ ಕನ್ನಡ ಧ್ವನಿಯಿಂದಲೂ ಒಮ್ಮೆ ಓದಿಸಿ ಕೇಳುವುದು ಒಳ್ಳೆಯದು. ಯಂತ್ರ ಇದ್ದದ್ದನ್ನೇ ಓದುತ್ತದೆ, ಬಿಟ್ಟುಹೋದ ಅಕ್ಷರ, ಎರಡು ಸಲ ಬಿದ್ದ ‘ಮತ್ತು’ ಕಿವಿಗೆ ಹೊಡೆಯುತ್ತವೆ.

ಇನ್ನೊಬ್ಬರಿಗೆ ಓದಲು ಕೊಡುವುದಾದರೆ ‘ಹೇಗಿದೆ ಸಾರ್?’ ಎಂದು ಕೇಳಬೇಡಿ, ‘ಚೆನ್ನಾಗಿದೆ’ ಎಂಬ ಉತ್ತರದಿಂದ ಉಪಯೋಗವಿಲ್ಲ. ‘ಎಲ್ಲಿ ನಿಲ್ಲಿಸಿ ಎರಡನೆಯ ಸಲ ಓದಿದಿರಿ, ಅಲ್ಲಿ ಗೀಟು ಹಾಕಿ’ ಎಂದು ಕೇಳಿ. ಆಲೆಮನೆಯ ಬಗ್ಗೆ ಬರೆದಿದ್ದರೆ ಬೆಲ್ಲ ಕಾಯಿಸುವವರಿಗೇ ಓದಿ ಹೇಳಿ.

ಕಾಗುಣಿತ ಕೊನೆಗೆ. ಮೊದಲೇ ತಿದ್ದಿದರೆ ಆಮೇಲೆ ಕತ್ತರಿಸುವ ಸಾಲುಗಳಿಗೂ ಶ್ರಮ ವ್ಯರ್ಥ. ನನ್ನ ಮೇಜಿನ ಮೇಲೆ ಸಂಶಯದ ಪದಗಳ ಪಟ್ಟಿಯೊಂದಿದೆ: ಅದ್ಭುತ, ಉದ್ಘಾಟನೆ, ಅಭಿವೃದ್ಧಿ, ಸ್ವಚ್ಛ, ಕನಿಷ್ಠ, ಕೂಲಂಕಷ, ಅನವಶ್ಯಕ, ಉಪಾಹಾರ. ಮೊದಲ ನಾಲ್ಕರ ಒತ್ತಕ್ಷರದಲ್ಲಿ ಮಹಾಪ್ರಾಣ ಇರುವುದು ಒತ್ತಿನಲ್ಲಿ, ಮೇಲಿನ ಅಕ್ಷರ ಅಲ್ಪಪ್ರಾಣ. ‘ಲಕ್ಷಾಂತರ’ ನೋಡಿ ‘ಕೋಟ್ಯಾಂತರ’ ಎಂದು ಬರೆಯುವವರು ಬಹಳ. ಕೋಟಿಗೆ ಅಂತರ ಸೇರಿದರೆ ಕೋಟ್ಯಂತರ. ಜಾತಿಗೆ ಅತೀತ ಸೇರಿದರೆ ಜಾತ್ಯತೀತ.

ಕಂಪ್ಯೂಟರಿನದೇ ಆದ ತೊಂದರೆಗಳು ಬೇರೆ. ಅನುಸ್ವಾರದ ಸೊನ್ನೆಗೂ ಕನ್ನಡ ಅಂಕಿಯ ಸೊನ್ನೆಗೂ ನೋಟ ಒಂದೇ, ಸಂಕೇತ ಬೇರೆ. ‘ಮಂಡ್ಯ’ದಲ್ಲಿ ಅಂಕಿಯ ಸೊನ್ನೆ ಬಿದ್ದಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಹುಡುಕಿದರೆ ಮಾತ್ರ ಆ ಪದ ಸಿಗುವುದಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ಅಂಕಿಯ ಸೊನ್ನೆ ಹಾಕಿ, ಪದದ ನಡುವೆ ಸಿಕ್ಕಿದ್ದನ್ನು ಒಂದೊಂದಾಗಿ ಬದಲಿಸಬೇಕು. ಎಲ್ಲವನ್ನೂ ಒಂದೇ ಏಟಿಗೆ ಬದಲಿಸಿದರೆ ಕನ್ನಡ ಅಂಕಿಯ ಇಸವಿಗಳು ಕೆಡುತ್ತವೆ. ‘ಹಾಸ್ಟೆಲ್‌ನಲ್ಲಿ’ ಎಂಬಂಥ ಪದ ಕೆಲವು ಕಡೆ ‘ಹಾಸ್ಟೆಲ್ನಲ್ಲಿ’ ಎಂದು ಒತ್ತಾಗಿಬಿಡುತ್ತದೆ. ‘ಹಾಸ್ಟೆಲಿನಲ್ಲಿ’ ಎಂದು ಬರೆದರೆ ಕಿವಿಗೂ ಸಹಜ, ಯಾವ ಫಾಂಟಿನಲ್ಲೂ ಮುರಿಯುವುದಿಲ್ಲ.

ಪ್ರೆಸ್ಸಿನಿಂದ ಕರಡು ಬಂದಾಗ ಪೂರ್ತಿ ಹೊಸದಾಗಿ ಓದುತ್ತೇನೆ. ಯೂನಿಕೋಡಿನಿಂದ ಹಳೆಯ ಫಾಂಟಿಗೆ ಬದಲಿಸುವಾಗ ಅರ್ಕಾವೊತ್ತು ಜಾಗ ತಪ್ಪುವುದುಂಟು, ಒತ್ತಕ್ಷರ ಕಳಚುವುದುಂಟು. ದೊಡ್ಡಕ್ಷರದ ತಲೆಬರಹ, ಚಿತ್ರದ ಅಡಿಬರಹ, ಲೇಖಕರ ಹೆಸರು ಇವನ್ನು ಎಲ್ಲರೂ ಸರಿಯಿದೆಯೆಂದುಕೊಂಡು ದಾಟುತ್ತಾರೆ, ಹಾಗಾಗಿ ಅವನ್ನು ಬೆರಳಿಟ್ಟು ಓದಬೇಕು. ಎರಡನೆಯ ಕರಡಿನಲ್ಲಿ ತಿದ್ದಿದ ಸಾಲನ್ನಷ್ಟೇ ನೋಡಿದರೆ ಸಾಲದು. ಒಂದು ಪದ ಸೇರಿದರೂ ಕೆಳಗಿನ ಸಾಲುಗಳೆಲ್ಲ ಸರಿದು ಪದಗಳು ಬೇರೆ ಕಡೆ ಮುರಿಯುತ್ತವೆ. ಆದ್ದರಿಂದ ಆ ಪ್ಯಾರಾ ಮುಗಿಯುವವರೆಗೂ, ಅದು ಪುಟದ ಕೊನೆಯಲ್ಲಿದ್ದರೆ ಮುಂದಿನ ಪುಟದ ಮೊದಲ ಸಾಲನ್ನೂ ಓದಿ ಸಹಿ ಹಾಕುತ್ತೇನೆ.