ಒಂಬತ್ತು ಗಜದ ಜಾಡು: ಇಂಗ್ಲಿಷ್ ನುಡಿಗಟ್ಟಿನ ಮೂಲ ಹುಡುಕುವ ಬಗೆ

ನಮ್ಮಜ್ಜಿ ಉಡುತ್ತಿದ್ದದ್ದು ಹದಿನೆಂಟು ಮೊಳದ ಸೀರೆ, ಅಂದರೆ ಒಂಬತ್ತು ಗಜ. ಹಾಗಾಗಿ ‘ದ ಹೋಲ್ ನೈನ್ ಯಾರ್ಡ್ಸ್’ ಎಂಬ ಇಂಗ್ಲಿಷ್ ಮಾತು ನಮ್ಮ ಸೀರೆಯಿಂದಲೇ ಹುಟ್ಟಿದ್ದು ಎಂದು ಯಾರೋ ಹೇಳಿದಾಗ ಖುಷಿಯಿಂದ ನಂಬಿದೆ. ಏನನ್ನೂ ಬಿಡದೆ ಪೂರ್ತಿಯಾಗಿ ಎಂಬುದು ಅದರ ಅರ್ಥ. ತರಗತಿಯಲ್ಲೂ ಹೇಳಿಬಿಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಅದು ಎಲ್ಲಿ ಬರೆದಿದೆ ಮಿಸ್?” ಎಂದಳು. ನಾನು ಹುಡುಕಲು ಕೂತದ್ದು ಆಗ.

ಮೊದಲು, ಕೇಳಿದ ಕತೆಗಳನ್ನೆಲ್ಲ ಹಾಳೆಯಲ್ಲಿ ಬರೆದುಕೊಳ್ಳಿ. ಪ್ರತಿ ಕತೆಯ ಎದುರು, ಅದು ನಿಜವಾಗಬೇಕಾದರೆ ಮಾತು ಯಾವ ಕಾಲದ ನಂತರ ಹುಟ್ಟಿರಬೇಕೋ ಆ ಕಾಲವನ್ನು ಗುರುತು ಮಾಡಿ. ಈ ಮಾತಿಗೆ ಹೆಚ್ಚು ಚಾಲ್ತಿಯಲ್ಲಿರುವುದು ಎರಡನೇ ಮಹಾಯುದ್ಧದ ಕತೆ: ವಿಮಾನದ ಮಷಿನ್ ಗನ್ನಿನ ಗುಂಡಿನ ಪಟ್ಟಿ 27 ಅಡಿ, ಅಂದರೆ ಒಂಬತ್ತು ಗಜ ಉದ್ದವಿತ್ತಂತೆ. ಅದರ ಎದುರು 1939 ಎಂದು ಬರೆಯಿರಿ. ಅದಕ್ಕಿಂತ ಹಳೆಯ ಒಂದೇ ಒಂದು ಅಚ್ಚಿನ ಸಾಲು ಸಿಕ್ಕರೂ ಕತೆ ಬಿತ್ತು.

ಆ ಸಾಲಿಗಾಗಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ ತೆರೆಯಿರಿ; ಹಳೆಯ ಪತ್ರಿಕೆಗಳ ಪುಟಗಳನ್ನು ಅಲ್ಲಿ ಪುಕ್ಕಟೆ ಓದಬಹುದು. ಮಾತನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ಆಮೇಲೆ ಒಂದೊಂದೇ ಪದ ಬದಲಿಸಿ: ‘ಹೋಲ್’ ಬದಲು ‘ಫುಲ್’, ‘ನೈನ್’ ಬದಲು ‘ಸಿಕ್ಸ್’. ಈ ಬದಲಾಯಿಸುವುದರಲ್ಲೇ ಇದೆ ಎಲ್ಲ. ಬಾನಿ ಟೇಲರ್-ಬ್ಲೇಕ್ ಎಂಬ ನರವಿಜ್ಞಾನ ಸಂಶೋಧಕಿಗೆ ಕೆಂಟಕಿಯ 1912ರ ಪತ್ರಿಕೆಯಲ್ಲಿ ಸಿಕ್ಕಿದ್ದು ‘ಹೋಲ್ ಸಿಕ್ಸ್ ಯಾರ್ಡ್ಸ್’, ಆರೇ ಗಜ! ಮುಂದೆ ಇಂಡಿಯಾನಾದ ‘ಮಿಚೆಲ್ ಕಮರ್ಷಿಯಲ್’ ಪತ್ರಿಕೆಯಲ್ಲಿ 1907ರ ಬೇಸ್‌ಬಾಲ್ ಸುದ್ದಿಯೊಂದು ಸಿಕ್ಕಿತು, ಅದರಲ್ಲಿ ‘ಫುಲ್ ನೈನ್ ಯಾರ್ಡ್ಸ್’. ಮರುವರ್ಷ ಅದೇ ಪತ್ರಿಕೆಯಲ್ಲಿ, ಮೀನು ಹಿಡಿದು ಬಂದವನೊಬ್ಬ ಸಿಕ್ಕವರಿಗೆ ತನ್ನ ಕತೆಯನ್ನು ‘ಹೋಲ್ ನೈನ್ ಯಾರ್ಡ್ಸ್’ ಹೇಳುತ್ತಾನೆ ಎಂಬ ಸಾಲು.

ಸಿಕ್ಕ ಸಾಲನ್ನಷ್ಟೇ ನೋಡಿ ಕುಣಿಯಬೇಡಿ, ಸುತ್ತಲಿನದನ್ನೂ ಓದಿ. 1855ರ ನಗೆಕತೆಯೊಂದರಲ್ಲಿ ಮೂರು ಅಂಗಿಗೆಂದು ತಂದ ಒಂಬತ್ತು ಗಜ ಬಟ್ಟೆಯನ್ನೂ ಒಂದೇ ಅಂಗಿಗೆ ಹಾಕಿಬಿಡುತ್ತಾರೆ. ಅಲ್ಲಿ ಗಜವೆಂದರೆ ಅಳತೆಯ ಗಜವೇ. ಅದನ್ನು ಬೇರೆ ಹಾಳೆಯಲ್ಲಿಡಿ.

ಕೊನೆಗೆ ಕತೆಗಳ ಹಾಳೆಗೆ ಮರಳಿ. ಒಂಬತ್ತಕ್ಕೆ ಕಾರಣ ಹೇಳುವ ಕತೆ ಆರಕ್ಕೂ ಕಾರಣ ಹೇಳಬೇಕು. ಸೀರೆಗೆ ಎರಡೂ ಅಳತೆ ಉಂಟಲ್ಲ ಎಂದು ನನಗೆ ಮತ್ತೆ ಆಸೆ ಚಿಗುರಿತು. ಆದರೆ ಆ ಸಾಲುಗಳಲ್ಲಿರುವುದು ಚೆಂಡಾಟ, ಮೀನು, ರಾಜಕೀಯ. ಸೀರೆಯ ಸೆರಗೂ ಇಲ್ಲ.

ಮರುವಾರ ಅದೇ ತರಗತಿಯಲ್ಲಿ ಸೀರೆಯ ಕತೆ ತಪ್ಪೆಂದು ಒಪ್ಪಿಕೊಂಡು, ಬೋರ್ಡಿನ ಮೇಲೆ 1907 ಎಂದು ಬರೆದೆ. ಆ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.