ಹತ್ತು ಸಾವಿರ ಪುಟ ಕಿತ್ತ ಮೇಲೆ ಗೂಗಲ್‌ಗೆ ನಾವು ಕಂಡೆವು

ಮೊದಲೇ ಹೇಳಿಬಿಡುತ್ತೇನೆ. ನಮ್ಮ ತಾಣದ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಪುಟಗಳನ್ನು ಗೂಗಲ್‌ನಿಂದ ನಾನೇ ತೆಗೆಸಿದೆ. ಅದಾದ ಮೇಲೆ ಹುಡುಕಿಕೊಂಡು ಬರುವವರು ಹತ್ತಿರ ಹತ್ತಿರ ನಾಲ್ಕು ಪಟ್ಟಾದರು. ಶುರುವಿನಲ್ಲಿ ಇದನ್ನು ಯಾರೂ ಒಪ್ಪಲಿಲ್ಲ. ಚರ್ಚೆ ನೋಡಿಕೊಳ್ಳುವ ನಮ್ಮ ಮಾಡರೇಟರ್‌ಗಳಲ್ಲೇ ಹಿರಿಯರೊಬ್ಬರು ಫೋನ್ ಮಾಡಿ, "ಇರೋ ಪುಟಾನೇ ಕಿತ್ತು ಹಾಕಿದ್ರೆ ಜನ ಎಲ್ಲಿಂದ ಬರ್ತಾರೆ ಮಾರಾಯ? ತಲೆ ಸರಿ ಇದ್ಯಾ ನಿಂಗೆ?" ಎಂದು ಚೆನ್ನಾಗಿ ಬೈದರು. ಈಗ ಅವರೇ ಬೇರೆಯವರಿಗೆ ಇದನ್ನು ಪಾಠ ಮಾಡುತ್ತಿದ್ದಾರೆ. ಇರಲಿ.

ನಮ್ಮದು ಅಡಿಕೆ ಬೆಳೆಗಾರರ ತಾಣ. ಒಬ್ಬರು ಕೇಳುತ್ತಾರೆ, ನಾಲ್ಕು ಜನ ಉತ್ತರ ಕೊಡುತ್ತಾರೆ. ಕೊಳೆ ರೋಗ, ಎಲೆಚುಕ್ಕೆ, ಬಸಿಗಾಲುವೆ, ಗೊಬ್ಬರ, ಕೊಯ್ಲು, ರೇಟು, ಎಲ್ಲ ಇದೆ. ಹತ್ತು ಹನ್ನೆರಡು ವರ್ಷದ ಸರಕು. ಸದಸ್ಯರು ಒಂಬತ್ತು ಸಾವಿರದ ಆಸುಪಾಸು, ನಿಜವಾಗಿ ಮಾತಾಡುವವರು ಮುನ್ನೂರು ನಾನೂರು. ಗೂಗಲ್‌ನಿಂದ ಬರುತ್ತಿದ್ದವರು ದಿನಕ್ಕೆ ಮುನ್ನೂರು ದಾಟುತ್ತಿರಲಿಲ್ಲ. ತೋಟದ ಬಗ್ಗೆ ಕನ್ನಡದಲ್ಲಿ ಇಷ್ಟು ಆಳವಾದ ಚರ್ಚೆ ಬೇರೆಲ್ಲೂ ನನಗೆ ಕಂಡಿಲ್ಲ. ಆದರೂ ಹುಡುಕಿದರೆ ನಾವು ಮೂರನೇ ಪುಟದಲ್ಲಿ.

ಸೈಟ್‌ಮ್ಯಾಪ್ ಅಂದರೇನು, ಸರ್ಚ್ ಕನ್ಸೋಲ್ ಎಲ್ಲಿದೆ ಎಂದು ನಾನು ಹೇಳಲು ಹೋಗುವುದಿಲ್ಲ. ಇಂಥ ತಾಣ ನಡೆಸುವವರಿಗೆ ಅಷ್ಟು ಗೊತ್ತಿರುತ್ತದೆ.

ಮೊದಲು ದುಡ್ಡು ಹೋದ ಕಥೆ. ನಮ್ಮನ್ನು ಗೂಗಲ್‌ನಲ್ಲಿ ಮೇಲೆ ತರಲು ಬೆಂಗಳೂರಿನ ಒಂದು ಏಜೆನ್ಸಿ ತಿಂಗಳಿಗೆ ಹದಿನೆಂಟು ಸಾವಿರದಂತೆ ಒಪ್ಪಿಕೊಂಡಿತು. ನಾಲ್ಕು ತಿಂಗಳಲ್ಲಿ ಕೊಟ್ಟಿದ್ದು ಐನೂರು ಬ್ಯಾಕ್‌ಲಿಂಕ್, ಅಂದರೆ ಬೇರೆ ತಾಣಗಳಿಂದ ನಮ್ಮ ಕಡೆಗೆ ಲಿಂಕ್. ಪಟ್ಟಿ ತೆರೆದು ನೋಡಿದೆ. ಯಾವುದೋ ದೇಶದ ಶೂ ಅಂಗಡಿ, ಸಾಲ ಕೊಡುವ ಕಂಪನಿ, ಜಾತಕ ಹೇಳುವ ತಾಣ. ಅಡಿಕೆಗೂ ಶೂಗೂ ಏನು ಸಂಬಂಧ? ಕೇಳಿದರೆ "ಡೊಮೇನ್ ಅಥಾರಿಟಿ ಏರ್ತಾ ಇದೆ ಸರ್" ಅನ್ನುವ ಉತ್ತರ. ಅದು ಗೂಗಲ್‌ನ ಅಳತೆಯೇ ಅಲ್ಲ, ತಾಣದ ತೂಕ ಹೇಳಲು ಬೇರೆ ಕಂಪನಿ ಮಾಡಿಕೊಂಡ ಅಂಕಿ. ಎಪ್ಪತ್ತು ಸಾವಿರ ಹೋಯಿತು, ಕ್ಲಿಕ್ ಇದ್ದಲ್ಲೇ ಇತ್ತು.

ಅವರದೇ ಇನ್ನೊಂದು ಸಲಹೆ ಟ್ಯಾಗ್ ಪುಟಗಳು, ಅಂದರೆ ಒಂದೊಂದು ವಿಷಯದ ಪ್ರಶ್ನೆಗಳನ್ನು ಪಟ್ಟಿ ಮಾಡುವ ಪುಟಗಳು. ಪ್ರತಿ ಪ್ರಶ್ನೆಗೆ ಎಂಟು ಹತ್ತು ಟ್ಯಾಗ್. ಎರಡೇ ತಿಂಗಳಲ್ಲಿ ನಾಲ್ಕು ಸಾವಿರ ಹೊಸ ಪುಟ ಹುಟ್ಟಿದವು, ಒಂದೊಂದರಲ್ಲೂ ಒಂದೋ ಎರಡೋ ಲಿಂಕ್. ಆಮೇಲೆ ಎಫ್‌ಎಕ್ಯೂ ಮಾರ್ಕಪ್, ಅಂದರೆ ಇದು ಪ್ರಶ್ನೋತ್ತರ ಎಂದು ಗೂಗಲ್‌ಗೆ ತಿಳಿಸುವ ಗುರುತು. ಅದು ಮಾತ್ರ ಕೆಲಸ ಮಾಡಿತ್ತು ಅನ್ನಿ. ಹುಡುಕಿದಾಗ ನಮ್ಮ ಲಿಂಕ್ ಕೆಳಗೆ ಪ್ರಶ್ನೆಗಳು ತೆರೆದುಕೊಳ್ಳುತ್ತಿದ್ದವು. 2023ರ ಆಗಸ್ಟ್‌ನಲ್ಲಿ ಗೂಗಲ್ ಆ ಸೌಲಭ್ಯವನ್ನು ಸರ್ಕಾರಿ ತಾಣ ಮತ್ತು ಹೆಸರಾಂತ ಆರೋಗ್ಯ ತಾಣಗಳಿಗಷ್ಟೇ ಉಳಿಸಿತು. ನಮ್ಮದು ಮಾಯ.

ಅಷ್ಟರಲ್ಲಿ ತಾಣ ನಡೆಸುವವರಿಗೆ ಗೂಗಲ್ ಕೊಡುವ ಲೆಕ್ಕದ ಪುಟ, ಸರ್ಚ್ ಕನ್ಸೋಲ್‌ನಲ್ಲಿ 'ತೆವಳಿ ನೋಡಿದ್ದೇವೆ, ಸೇರಿಸಿಕೊಂಡಿಲ್ಲ' ಅನ್ನುವ ಸಾಲು ದಪ್ಪವಾಗುತ್ತಲೇ ಇತ್ತು. ಒಟ್ಟು ಹದಿನಾಲ್ಕು ಹದಿನೈದು ಸಾವಿರ ಪುಟ, ಅದರಲ್ಲಿ ಒಂಬತ್ತು ಸಾವಿರ ಇಲ್ಲಿ ಬಿದ್ದಿದ್ದವು. ಒಂದು ಭಾನುವಾರ ಕೂತು ಆ ಪಟ್ಟಿ ತೆರೆದೆ. ಅಲ್ಲಿ ಸಿಕ್ಕಿದ್ದೇನು ಗೊತ್ತಾ? "ನಮ್ಮಲ್ಲೂ ಹೀಗೇ ಆಗಿದೆ." "ಧನ್ಯವಾದ ಸರ್." "ಇವತ್ತು ರಾಶಿ ಇಡಿ ಎಷ್ಟು?" ಎಂದು ಅಡಿಕೆ ರೇಟು ಕೇಳಿದ್ದು. ಸದಸ್ಯರ ಪ್ರೊಫೈಲ್‌ಗಳು. ಒಂದೇ ಚರ್ಚೆಗೆ ಪ್ರತಿ ಉತ್ತರದ ಹೆಸರಲ್ಲಿ ಬೇರೆ ಬೇರೆ ವಿಳಾಸ. ಹಳೆಯ ತಂತ್ರಾಂಶ ವಿಳಾಸದ ಕೊನೆಗೆ ಪ್ರತಿ ಭೇಟಿಗೂ ಬದಲಾಗುವ ಸೆಷನ್ ನಂಬರ್ ಬೇರೆ ಅಂಟಿಸುತ್ತಿತ್ತು. ಗೂಗಲ್‌ನ ಜಾಗದಲ್ಲಿ ನಾನಿದ್ದರೂ ಮುಖ ತಿರುಗಿಸುತ್ತಿದ್ದೆ.

ಕತ್ತರಿ ಹಿಡಿದಿದ್ದು ಆಗ. ಮೊದಲು ಪ್ರೊಫೈಲ್, ಟ್ಯಾಗ್, ಒಳಹುಡುಕಾಟದ ಪುಟಗಳಿಗೆ ನೋಇಂಡೆಕ್ಸ್, ಅಂದರೆ ಈ ಪುಟ ಪಟ್ಟಿಗೆ ಸೇರಿಸಬೇಡ ಅನ್ನುವ ಗುರುತು. ಉತ್ತರವೇ ಇಲ್ಲದ, ಇಲ್ಲವೇ ಎರಡು ಸಾಲಿನ ಚರ್ಚೆಗಳಿಗೂ ಅದೇ. ಇಲ್ಲಿ ತುಂಬ ಜನ ಎಡವುವ ಒಂದು ಜಾಗ ಇದೆ. ನೋಇಂಡೆಕ್ಸ್ ಹಾಕಿ, ಜೊತೆಗೆ ಗೂಗಲ್ ಎಲ್ಲಿ ಬರಬಾರದು ಎಂದು ಹೇಳುವ ರೋಬಾಟ್ಸ್ ಫೈಲಿನಲ್ಲೂ ತಡೆ ಹಾಕಿಬಿಡುತ್ತಾರೆ. ಒಳಗೆ ಬರಲು ಬಿಡದಿದ್ದರೆ ಗೂಗಲ್ ಆ ನೋಇಂಡೆಕ್ಸ್ ಓದುವುದು ಹೇಗೆ? ಪುಟ ಅಲ್ಲೇ ಉಳಿಯುತ್ತದೆ, ವಿವರಣೆ ಇಲ್ಲದ ಬರೀ ಲಿಂಕ್ ಆಗಿ. ಬಾಗಿಲು ತೆರೆದಿಟ್ಟು ಕಾಯಬೇಕು. ನಮಗೆ ಎರಡು ಮೂರು ತಿಂಗಳು ಹಿಡಿಯಿತು.

ಆಮೇಲಿನದು ಕೈಯಿಂದಲೇ ಮಾಡಬೇಕಾದ ಕೆಲಸ, ಒಗ್ಗೂಡಿಸುವುದು. ಕೊಳೆ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಬಗ್ಗೆಯೇ ಇನ್ನೂರಕ್ಕೂ ಹೆಚ್ಚು ಪ್ರಶ್ನೆ ಇದ್ದವು. ಶೇಕಡಾ ಒಂದರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಇದೇ ಉತ್ತರ ನೂರು ಸಲ. ಅದರ ನಡುವೆ ಎಲ್ಲೋ ಒಬ್ಬರು ತುತ್ತದ ನೀರನ್ನು ಸುಣ್ಣದ ನೀರಿಗೆ ಹೇಗೆ ಹೊಯ್ಯಬೇಕು, ಯಾವ ಪಾತ್ರೆ ಬಳಸಬಾರದು, ಮಳೆ ಬಿಡುವು ಕೊಡದಿದ್ದರೆ ಅಂಟು ಏನು ಬೆರೆಸಬೇಕು ಎಂದು ಬಂಗಾರದಂಥ ಉತ್ತರ ಬರೆದಿರುತ್ತಾರೆ. ಅಂಥವನ್ನೆಲ್ಲ ಆರು ಚರ್ಚೆಗಳಿಗೆ ಇಳಿಸಿದೆ. ಹಳೆಯ ವಿಳಾಸಗಳಿಂದ ಹೊಸದಕ್ಕೆ 301, ಅಂದರೆ ಕಾಯಂ ತಿರುವು. ಬರೆದವರ ಹೆಸರು ಹಾಗೇ ಉಳಿಸಿದೆ, ಇಲ್ಲದಿದ್ದರೆ ಜಗಳ ಗ್ಯಾರಂಟಿ. ಯಾವ ಎರಡು ಚರ್ಚೆಗಳನ್ನು ಸೇರಿಸಬೇಕು, ಯಾವುದನ್ನು ಬೇರೆಯೇ ಬಿಡಬೇಕು ಎಂದು ತೀರ್ಮಾನಿಸಲು ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವರ್ಷದ ಬೆವರು ಅದು.

ಕನ್ನಡ ತಾಣಗಳಿಗೆ ಇರುವ ಇನ್ನೊಂದು ತಲೆನೋವು ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಪಠ್ಯ. ಶುರುವಿನ ವರ್ಷಗಳಲ್ಲಿ ಸದಸ್ಯರು ಯೂನಿಕೋಡ್‌ಗೆ ಬದಲಿಸದೆ ಹಾಗೇ ಅಂಟಿಸಿದ್ದರು. ಆ ಫಾಂಟ್ ಇದ್ದವರ ಕಂಪ್ಯೂಟರಿನಲ್ಲಿ ಕನ್ನಡ, ಗೂಗಲ್‌ಗೆ ಬರೀ ಕಲಸುಮೇಲೋಗರ. ಹೀಗೆ ಸುಮಾರು ಎಂಟುನೂರು ಒಳ್ಳೆಯ ಬರಹಗಳು ಯಾರಿಗೂ ಸಿಗದೆ ಬಿದ್ದಿದ್ದವು. ಸಿಗುವ ಪರಿವರ್ತಕಗಳನ್ನೆಲ್ಲ ಪ್ರಯತ್ನಿಸಿದೆ. ಅರ್ಕಾವತ್ತು ಬಂದಲ್ಲೆಲ್ಲ ಎಡವಟ್ಟು. ಆ ಫಾಂಟ್‌ಗಳಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಕೂರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ನಮ್ಮಲ್ಲಿ ಅತಿ ಹೆಚ್ಚು ಹುಡುಕುವ 'ಬೋರ್ಡೋ'ದಲ್ಲೇ ಅದು ಇದೆ ನೋಡಿ! ಕೊನೆಗೆ ಶಿವಮೊಗ್ಗದ ಒಬ್ಬ ಕಾಲೇಜು ಹುಡುಗ ಹನ್ನೆರಡು ಸಾವಿರಕ್ಕೆ ಒಂದು ಸ್ಕ್ರಿಪ್ಟ್ ಬರೆದುಕೊಟ್ಟ. ನೂರಕ್ಕೆ ತೊಂಬತ್ತೈದು ಸರಿ ಬಂತು, ಉಳಿದದ್ದನ್ನು ನಾನೂ ನನ್ನ ಹೆಂಡತಿಯೂ ಕೂತು ತಿದ್ದಿದೆವು. ಏಜೆನ್ಸಿಯ ಎಪ್ಪತ್ತು ಸಾವಿರಕ್ಕಿಂತ ಈ ಹನ್ನೆರಡು ಸಾವಿರ ಎಷ್ಟೋ ವಾಸಿ.

ವಿಳಾಸದ ವಿಚಾರ. ಕನ್ನಡದಲ್ಲೇ ಯುಆರ್‌ಎಲ್ ಇಟ್ಟರೆ ಗೂಗಲ್‌ಗೆ ತೊಂದರೆ ಇಲ್ಲ. ತೊಂದರೆ ವಾಟ್ಸಾಪ್‌ನಲ್ಲಿ. ಒಂದೊಂದು ಕನ್ನಡ ಸಂಕೇತವೂ ಅಲ್ಲಿ ಒಂಬತ್ತು ಇಂಗ್ಲಿಷ್ ಚಿಹ್ನೆ ಆಗುತ್ತದೆ. ಗುಣಿತದ ಗುರುತೂ ಸೇರಿ ಐದು ಸಂಕೇತ ಇರುವ 'ಅಡಿಕೆ' ಅನ್ನುವ ಒಂದು ಪದಕ್ಕೇ 45. ಪೂರ್ತಿ ತಲೆಬರಹ ಹಾಕಿದರೆ ಫೋನಿನ ಪರದೆ ತುಂಬ ಶೇಕಡಾ ಗುರುತು, ನೋಡಿದವರು ವೈರಸ್ ಲಿಂಕ್ ಅಂದುಕೊಳ್ಳುತ್ತಾರೆ. ಇಂಗ್ಲಿಷ್ ಅಕ್ಷರದ ಚಿಕ್ಕ ವಿಳಾಸಕ್ಕೆ ಬದಲಿಸಿದ ಮೇಲೆ ಜನ ಹಂಚುವುದು ಜಾಸ್ತಿ ಆಯಿತು.

ಎಲ್ಲಕ್ಕಿಂತ ಲಾಭ ಕೊಟ್ಟಿದ್ದು ತಲೆಬರಹ ತಿದ್ದಿದ್ದು. ಸದಸ್ಯರು ಇಡುವ ತಲೆಬರಹ "ದಯವಿಟ್ಟು ಸಲಹೆ ಕೊಡಿ", "ಅರ್ಜೆಂಟ್". ಹುಡುಕುವವರು ಟೈಪ್ ಮಾಡುವುದು ಬೇರೆಯೇ. ಸರ್ಚ್ ಕನ್ಸೋಲ್‌ನ ಅಕ್ಷರದ ನಮೂನೆ ಕೊಟ್ಟು ಸೋಸುವ ರೆಜೆಕ್ಸ್ ಫಿಲ್ಟರ್‌ನಲ್ಲಿ 'ಅ'ದಿಂದ 'ಹ'ವರೆಗಿನ ಅಕ್ಷರ ಕೊಟ್ಟು ಕನ್ನಡ ಲಿಪಿಯ ಹುಡುಕಾಟಗಳನ್ನು ಬೇರೆ ಮಾಡಿದೆ. ಅರ್ಧಕ್ಕಿಂತ ಕಡಿಮೆ! ಉಳಿದವರೆಲ್ಲ ಇಂಗ್ಲಿಷ್ ಅಕ್ಷರದಲ್ಲಿ 'ಅಡಿಕೆ ಕೊಳೆ ರೋಗ ಔಷಧಿ' ಎಂದು ಕುಟ್ಟುವವರು. ಮಲೆನಾಡಿನವರು ಕೊಳೆ ಅಂದರೆ ಕರಾವಳಿಯವರು ಮಹಾಳಿ ಅನ್ನುತ್ತಾರೆ. ಅಡಿಕೆ ಅನ್ನುವವರಷ್ಟೇ ಅಡಕೆ ಅನ್ನುವವರೂ ಇದ್ದಾರೆ. ಹಾಗಾಗಿ ಪ್ರತಿ ಮುಖ್ಯ ಚರ್ಚೆಯ ಮೇಲೆ ಮಾಡರೇಟರ್ ಬರೆದ ಮೂರು ನಾಲ್ಕು ಸಾಲಿನ ಸಾರಾಂಶ ಇಟ್ಟೆವು. ಬೇರೆ ಬೇರೆ ಕಡೆಯವರು ಕರೆಯುವ ಹೆಸರುಗಳೆಲ್ಲ ಅದರಲ್ಲಿ ಸಹಜವಾಗಿ ಬರುತ್ತವೆ. ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವವರನ್ನು ಹಿಡಿದದ್ದು ಹೇಗೆ ಅನ್ನುವುದು ಎರಡನೇ ಗುಟ್ಟು. ಬಚ್ಚಿಟ್ಟ ಪಠ್ಯ ಅಲ್ಲ, ಮೋಸ ಏನಿಲ್ಲ ಅಂತ ಮಾತ್ರ ಹೇಳಬಲ್ಲೆ. ಒಂದು ಎಚ್ಚರಿಕೆ: ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಮಾತ್ರ ಇಟ್ಟುಕೊಳ್ಳುತ್ತದೆ. ಅಡಿಕೆಯದು ಮಳೆಗಾಲದ ಹುಡುಕಾಟ. ಹಿಂದಿನ ಎರಡು ಮೂರು ಜೂನ್‌ಗಳನ್ನು ಹೋಲಿಸಬೇಕು ಅಂದರೆ ಆಗಾಗ ಇಳಿಸಿಟ್ಟುಕೊಳ್ಳಿ.

ವೇಗಕ್ಕೆ ಮಾಡಿದ್ದು ಒಂದೇ ಕೆಲಸ, ಅಂದದ ಕನ್ನಡ ವೆಬ್‌ಫಾಂಟ್ ಕಿತ್ತೆಸೆದಿದ್ದು. ನಾನೂರು ಕೆಬಿಯಷ್ಟು ಅದೇ ತಿನ್ನುತ್ತಿತ್ತು. ಆಂಡ್ರಾಯ್ಡ್ ಫೋನಿನಲ್ಲಿ ಸಾಮಾನ್ಯವಾಗಿ ನೋಟೋ ಅನ್ನುವ ಕನ್ನಡ ಫಾಂಟ್ ಮೊದಲೇ ಇರುತ್ತದೆ. ತೋಟದಲ್ಲಿ ಒಂದು ಕಡ್ಡಿ ನೆಟ್‌ವರ್ಕ್‌ನಲ್ಲಿ ನಿಂತವರಿಗೆ ಅಂದ ಯಾಕೆ? ಪುಟದ ಮುಖ್ಯ ಭಾಗ ಕಾಣಲು ಗೂಗಲ್ ಕೇಳುವ ಎರಡೂವರೆ ಸೆಕೆಂಡಿನ ಒಳಗೆ ಬಂದೆವು.

ನಡುವೆ ಸುಮ್ನೆ ಮಾಡಿದ ಪ್ರಯೋಗಗಳೂ ಇವೆ. ದಿನದ ರೇಟಿನ ಪುಟ ಮಾಡಿ ನೋಡಿದೆ: ಶಿವಮೊಗ್ಗ, ಸಿರ್ಸಿ, ಚನ್ನಗಿರಿ, ಪುತ್ತೂರು. ರಾಶಿ, ಬೆಟ್ಟೆ, ಸರಕು, ಗೊರಬಲು, ಚಾಲಿ ಹೀಗೆ ಅಡಿಕೆಯ ಬಗೆಗಳನ್ನೆಲ್ಲ ಹಾಕಿ. ಜನ ಬಂದರು, ಅಂಕಿ ನೋಡಿದರು, ಹೋದರು. ಒಬ್ಬರೂ ಸದಸ್ಯರಾಗಲಿಲ್ಲ. ದಿನಾ ತುಂಬಿಸುವ ಗೋಳು ಬೇರೆ. ನಿಲ್ಲಿಸಿದೆ. ಯಂತ್ರದಿಂದ ಇಂಗ್ಲಿಷ್ ಅನುವಾದ ಹಾಕಿಸಿದ್ದೂ ಅಷ್ಟೇ, ಮಳೆಗೆ ನೆನೆಯದಂತೆ ಗೊನೆಗೆ ಹೊದಿಕೆ ಹಾಕುವ 'ಕೊಟ್ಟೆ ಕಟ್ಟುವುದು' ಅಲ್ಲಿ ಏನೇನೋ ಆಗಿತ್ತು. ಆದರೆ ರೋಗದ ಫೋಟೋಗಳಿಗೆ ಸರಿಯಾದ ವಿವರಣೆ ಬರೆದು, ಲಾಗಿನ್ ಇಲ್ಲದೆ ಕಾಣುವ ಹಾಗೆ ಬಿಟ್ಟಿದ್ದು ಚೆನ್ನಾಗಿ ಫಲ ಕೊಟ್ಟಿತು. ಎಲೆಚುಕ್ಕೆ ಮಲೆನಾಡಿನಲ್ಲಿ ಹಬ್ಬಿದಾಗ ಚಿತ್ರ ಹುಡುಕಿಕೊಂಡೇ ಎಷ್ಟೋ ಜನ ಬಂದರು. 2023ರ ನವೆಂಬರ್‌ನಲ್ಲಿ ಗೂಗಲ್ ಚರ್ಚಾ ತಾಣಗಳಿಗೆಂದೇ ಹೊಸ ಮಾರ್ಕಪ್ ತಂದಿತಲ್ಲ, ಅದನ್ನು ಅದೇ ವಾರ ಹಾಕಿದೆ. ಅದರಿಂದಲೇ ಏರಿತು ಎಂದು ಆಣೆ ಮಾಡಿ ಹೇಳಲಾರೆ, ಇಳಿಯಲಂತೂ ಇಲ್ಲ. ಸದಸ್ಯರು ಹಾಕುವ ಹೊರಗಿನ ಲಿಂಕ್‌ಗಳಿಗೆಲ್ಲ ಯುಜಿಸಿ, ಅಂದರೆ ಇದು ಬಳಕೆದಾರರು ಹಾಕಿದ್ದು ಅನ್ನುವ ಗುರುತು ಹಾಕಿದ ಮೇಲೆ ಸ್ಪ್ಯಾಮ್ ಹುಡುಗರ ಹುರುಪು ಸ್ವಲ್ಪ ಇಳಿದಿದೆ.

ಲೆಕ್ಕಕ್ಕೆ ಬರೋಣ. ಕತ್ತರಿ ಹಾಕಿದ ಮೊದಲ ಆರು ವಾರ ಕ್ಲಿಕ್ ಇನ್ನೂರಕ್ಕೆ ಬಿತ್ತು. ಬೈಗುಳ ಜೋರಾಗಿದ್ದು ಆಗಲೇ. ನಾಲ್ಕನೇ ತಿಂಗಳಿಗೆ ಹಳೆಯ ಮಟ್ಟ, ಮುಂದಿನ ಮಳೆಗಾಲಕ್ಕೆ ದಿನಕ್ಕೆ ಸಾವಿರದ ಇನ್ನೂರರ ಹತ್ತಿರ. ಉಳಿದ ಪುಟಗಳು ನಾಲ್ಕು ಸಾವಿರ ಚಿಲ್ಲರೆ, ಅವುಗಳಲ್ಲಿ ಬಹುಪಾಲು ಗೂಗಲ್‌ನಲ್ಲಿವೆ. ಸರ್ವರ್‌ಗೆ ತಿಂಗಳಿಗೆ ಸಾವಿರದ ನಾನೂರು. ಗೂಗಲ್ ಜಾಹೀರಾತಿನಿಂದ ಬರುವುದು ಅದಕ್ಕೂ ಸಾಲದು. ಹಾಗಾಗಿ ದೋಟಿ (ಕೊಯ್ಲಿನ ಉದ್ದನೆಯ ಕೋಲು), ಸ್ಪ್ರೇಯರ್ ಮಾರುವ ಇಬ್ಬರು ಅಂಗಡಿಯವರಿಗೆ ನೇರವಾಗಿ ಜಾಗ ಕೊಟ್ಟಿದ್ದೇನೆ. ಸೀಸನ್‌ನಲ್ಲಿ ಇಬ್ಬರಿಂದ ಆರು ಸಾವಿರದವರೆಗೂ ಬರುತ್ತದೆ. ಫೈಬರ್ ದೋಟಿಯ ಚರ್ಚೆಗೆ ಬಂದವರು ಅಲ್ಲೇ ಅಂಗಡಿಯ ನಂಬರ್ ನೋಡಿ ಫೋನ್ ಮಾಡುತ್ತಾರೆ, ಅಂಗಡಿಯವರಿಗೂ ಖುಷಿ.

ಈಗ ಕಾಳುಮೆಣಸಿನ ವಿಭಾಗಕ್ಕೆ ಕೈ ಹಾಕಿದ್ದೇನೆ. ಸೊರಗು ರೋಗದ ಪ್ರಶ್ನೆಗಳೇ ಮುನ್ನೂರರ ಆಸುಪಾಸು ಇವೆ. ಒಗ್ಗೂಡಿಸಿದ ಪುಟ ಗೂಗಲ್‌ನಲ್ಲಿ ನೆಲೆ ನಿಲ್ಲಲು ನಮ್ಮಲ್ಲಿ ಆರರಿಂದ ಎಂಟು ವಾರ ಬೇಕು. ಹಾಗಾಗಿ ಮಳೆಗಾಲಕ್ಕೆ ಸಿಗಬೇಕು ಅಂದರೆ ಏಪ್ರಿಲ್ ಒಳಗೆ ಮುಗಿಸಬೇಕು. ಬೈದಿದ್ದ ಆ ಹಿರಿಯರೇ ಅರ್ಧ ಪಾಲು ವಹಿಸಿಕೊಂಡಿದ್ದಾರೆ.