ಪುಣೆಯಲ್ಲಿ ಮಗುವಿಗೆ ಮನೆಯಲ್ಲೇ ಪಾಠ: ಗುಂಪಿಗೆ ಸೇರುವ ಮುಂಚೆ ಗೊತ್ತಿರಬೇಕಾದದ್ದು

ಊರಿಂದ ಬಂದವರು ಮೊದಲು ಕೇಳುವುದು ಒಂದೇ ಮಾತು: ಮಗುವನ್ನು ಶಾಲೆ ಬಿಡಿಸಿದರೆ ನಮ್ಮ ಮೇಲೆ ಕೇಸ್ ಹಾಕ್ತಾರಾ? ನಾನು ಮಗಳನ್ನು ಮೂರನೇ ಕ್ಲಾಸಲ್ಲಿ ಬಿಡಿಸಿದಾಗ ನನಗೂ ಅದೇ ಭಯ ಇತ್ತು. ಕಾಯ್ದೆ ಓದಿದ ಮೇಲೆ ಸ್ವಲ್ಪ ಧೈರ್ಯ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಮಗುವನ್ನು ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತದೆ, ಆದರೆ ಸೇರಿಸದಿದ್ದರೆ ದಂಡ ಅಂತ ಎಲ್ಲೂ ಬರೆದಿಲ್ಲ. ಹೋಮ್‌ಸ್ಕೂಲಿಂಗ್ ಅನ್ನುವ ಪದವೇ ಅದರಲ್ಲಿಲ್ಲ. ಹಾಗಾಗಿ ಅನುಮತಿ ಪತ್ರ ಮಾಡಿಸಿಕೊಡುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಅಂಥ ಪತ್ರವೇ ಇಲ್ಲ.

ಮನೆ ಪಾಠ ಒಗ್ಗಲಿಲ್ಲ ಅಂದರೆ ವಾಪಸ್ ಹೋಗಬಹುದು. ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿಕೊಳ್ಳಬೇಕು ಅಂತ ಅದೇ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಶಾಲೆ ಬಿಡಿಸುವಾಗ ಎಲ್‌ಸಿ ತೆಗೆದುಕೊಂಡು ಜೋಪಾನವಾಗಿ ಇಟ್ಟುಕೊಳ್ಳಿ. ನಮ್ಮ ಕಡೆ ಟಿಸಿ ಅನ್ನುವುದನ್ನೇ ಇಲ್ಲಿ ಎಲ್‌ಸಿ ಅನ್ನುತ್ತಾರೆ, ಮರಾಠಿಯಲ್ಲಿ ದಾಖಲಾ. ಮುಂದೆ ಅದನ್ನು ಕೇಳುತ್ತಾರೆ.

ಹತ್ತನೇ ಕ್ಲಾಸಿಗೆ ದಾರಿ ಎರಡು. ಒಂದು, ಮಹಾರಾಷ್ಟ್ರ ಬೋರ್ಡಿಗೆ ಖಾಸಗಿಯಾಗಿ ಕಟ್ಟುವುದು, ಇಲ್ಲಿಯವರು '17 ನಂಬರ್ ಫಾರ್ಮ್' ಅನ್ನುವುದು ಇದಕ್ಕೇ. ಇನ್ನೊಂದು, ಕೇಂದ್ರ ಸರ್ಕಾರದ ಎನ್‌ಐಒಎಸ್, ಅಂದರೆ ಶಾಲೆಗೆ ಹೋಗದೆಯೇ ಪರೀಕ್ಷೆ ಕಟ್ಟಬಹುದಾದ ಮುಕ್ತ ಶಾಲೆಯ ಬೋರ್ಡ್. 14 ವರ್ಷ ತುಂಬಿದರೆ ಸಾಕು, ಐದು ವಿಷಯ ಪಾಸಾಗಬೇಕು, ವರ್ಷಕ್ಕೆ ಎರಡು ಸಲ ಪರೀಕ್ಷೆ, ಒಂದೊಂದೇ ವಿಷಯ ಮುಗಿಸಿಕೊಂಡು ಹೋಗಬಹುದು, ಅದಕ್ಕೆ ಐದು ವರ್ಷ ಸಮಯ ಇದೆ. ನನಗೆ ಇದೇ ಇಷ್ಟ, ಯಾಕೆಂದರೆ ಕನ್ನಡವನ್ನು ಒಂದು ಭಾಷೆಯಾಗಿ ತೆಗೆದುಕೊಳ್ಳಬಹುದು. ಪುಣೆಯಲ್ಲಿ ಬೆಳೆಯುವ ಮಗು ಕನ್ನಡದಲ್ಲಿ ಪರೀಕ್ಷೆ ಬರೆಯುತ್ತದೆ ಅಂದರೆ ಅದು ಸಣ್ಣ ವಿಷಯ ಅಲ್ಲ.

ಇನ್ನು ಗುಂಪುಗಳ ವಿಚಾರ. ಜಾಸ್ತಿ ಜನ ಎಡವುವುದು ಇಲ್ಲೇ. ದೇಶದ ಮಟ್ಟದಲ್ಲಿ ಸ್ವಶಿಕ್ಷಣ್ ಅಂತ ಹೋಮ್‌ಸ್ಕೂಲ್ ಮಾಡುವವರ ಸಂಘ ಇದೆ. ಅದರ ಹೊರಗೆ, ಐದಾರು ಮನೆಯವರು ಸೇರಿಕೊಂಡ ಸಣ್ಣ ಸಣ್ಣ ಗುಂಪುಗಳು ಪುಣೆ, ಮುಂಬೈ, ಗೋವಾ ಎಲ್ಲ ಕಡೆ ಸಿಗುತ್ತವೆ. ಒಬ್ಬೊಬ್ಬರು ಶಾಲೆ ಬಿಡಿಸಿದ ಕಾರಣ ಒಂದೊಂದು. ಒಬ್ಬರಿಗೆ ಮಗ ವೇದ ಕಲಿಯಬೇಕು, ಇನ್ನೊಬ್ಬರಿಗೆ ಮಗಳು ಕುರ್‌ಆನ್ ಬಾಯಿಪಾಠ ಮಾಡಬೇಕು, ಮತ್ತೊಬ್ಬರು ಅಮೆರಿಕದ ಕ್ರೈಸ್ತ ಪಠ್ಯ ತರಿಸಿಕೊಂಡಿರುತ್ತಾರೆ, ಪಕ್ಕದಲ್ಲಿ ಕೂತವರು ದೇವರನ್ನೇ ನಂಬುವುದಿಲ್ಲ. ಬೇರೆ ಬೇರೆ ಪಕ್ಷಕ್ಕೆ ಓಟು ಹಾಕುವವರೂ ಇರುತ್ತಾರೆ. ಶಾಲೆ ಬೇಡ ಅನ್ನುವ ಒಂದು ಮಾತು ಬಿಟ್ಟರೆ ಇವರೆಲ್ಲರ ನಡುವೆ ಬೇರೇನೂ ಒಂದೇ ಅಲ್ಲ.

ನಮ್ಮ ಗುಂಪಲ್ಲಿ ಒಂದು ಭಾನುವಾರ ಮಕ್ಕಳೆಲ್ಲ ಮರದ ಕೆಳಗೆ ಚೌಕಾಬಾರ ಆಡಿ ಊಟಕ್ಕೆ ಕೂತರು. ಒಬ್ಬ ತಾಯಿ ಪ್ರೀತಿಯಿಂದಲೇ ಎಲ್ಲರ ಹತ್ತಿರ ಶ್ಲೋಕ ಹೇಳಿಸಲು ಶುರು ಮಾಡಿದರು. ಭಟ್ಕಳದ ಕಡೆಯ ಹುಡುಗ ಡಬ್ಬಿಯ ಮುಚ್ಚಳ ಅರ್ಧ ತೆಗೆದವನು ಹಾಗೇ ನಿಲ್ಲಿಸಿ ಅಮ್ಮನ ಮುಖ ನೋಡಿದ. ಆ ಅಮ್ಮ ಏನೂ ಹೇಳಲಿಲ್ಲ. ಮುಂದಿನ ವಾರ ಅವರು ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ನಾನೇ ಫೋನ್ ಮಾಡಿದೆ. "ಅಕ್ಕಾ, ನಿಮ್ಮ ಮೇಲೆ ಬೇಜಾರಿಲ್ಲ, ಆದರೆ ಅವನು ಅಲ್ಲಿ ಏನು ಮಾಡಬೇಕಿತ್ತು ಹೇಳಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ದೊಡ್ಡವರೆಲ್ಲ ಕೂತು ಮಾತಾಡಿದೆವು, ಸ್ವಲ್ಪ ಜೋರಾಗಿಯೇ. ಶ್ಲೋಕ ಹೇಳಿಸಿದ ಅಮ್ಮನಿಗೂ ನೋವಾಗಿತ್ತು, ಊಟಕ್ಕೆ ಮುಂಚೆ ನಾಲ್ಕು ಸಾಲು ಹೇಳಿಸಿದರೆ ತಪ್ಪೇನು ಅನ್ನುವುದು ಅವರ ಮಾತು. ಕೊನೆಗೆ ಊಟಕ್ಕೆ ಮೊದಲು ಅರ್ಧ ನಿಮಿಷ ಸುಮ್ನೆ ಕೂರುವುದು, ಮನಸ್ಸಲ್ಲಿ ಯಾರು ಏನಾದರೂ ಹೇಳಿಕೊಳ್ಳಲಿ ಅಂತಾಯಿತು. ಹುಡುಗ ವಾಪಸ್ ಬಂದ. ನೀವು ಗುಂಪು ಕಟ್ಟುವುದಾದರೆ ಇಂಥದ್ದನ್ನು ಮೊದಲ ದಿನವೇ ಮಾತಾಡಿಕೊಳ್ಳಿ: ಪ್ರಾರ್ಥನೆ ಹೇಗೆ, ಊಟದಲ್ಲಿ ಏನು ತರಬಹುದು, ಚುನಾವಣೆಯ ಮಾತು ಮಕ್ಕಳ ಎದುರು ಬೇಕಾ ಬೇಡವಾ.

ಸಹಿ ಸಂಗ್ರಹದ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಮನೆ ಪಾಠಕ್ಕೆ ಮಾನ್ಯತೆ ಕೊಡಿ ಅಂತ ಸರ್ಕಾರಕ್ಕೆ ಮನವಿ ಆಗಾಗ ತಯಾರಾಗುತ್ತದೆ, ಅದು ಒಳ್ಳೆಯದೇ. ಆದರೆ ಒಂದು ಸಲ ನಮಗೆ ಬಂದ ಮರಾಠಿ ಮನವಿಯ ಎರಡನೇ ಪುಟದಲ್ಲಿ ಧರ್ಮದ ಕಲಿಕೆಗೆ ವಿನಾಯಿತಿ ಕೇಳುವ ಸಾಲೂ ಇತ್ತು. ನಮ್ಮಲ್ಲಿ ಅರ್ಧ ಜನ ಓದದೆ ಸಹಿ ಹಾಕಿಬಿಟ್ಟಿದ್ದರು. 2012ರ ತಿದ್ದುಪಡಿಯಲ್ಲಿ ಮದರಸಾ ಮತ್ತು ವೇದ ಪಾಠಶಾಲೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯಿಂದ ಹೊರಗಿಟ್ಟಿರುವುದು ನಿಜ, ಆದರೆ ಅದು ಸಂಸ್ಥೆಗಳಿಗೆ ಸಂಬಂಧಿಸಿದ್ದು, ಮನೆಯಲ್ಲಿ ಕಲಿಸುವವರಿಗೆ ಅಲ್ಲ. ಎರಡನ್ನೂ ಒಂದೇ ಕಾಗದದಲ್ಲಿ ಸೇರಿಸಿದರೆ ಮಗುವಿನ ಪರೀಕ್ಷೆಯ ಪ್ರಶ್ನೆ ಹಿಂದೆ ಬಿದ್ದು ಜಗಳ ಮುಂದೆ ಬರುತ್ತದೆ, ಅಲ್ವಾ? ಈ ಬೇಡಿಕೆ ಬೇಕು ಅನ್ನುವವರು ಬೇರೆ ಕಾಗದ ಮಾಡಿಕೊಳ್ಳಲಿ, ಅದು ಅವರ ಹಕ್ಕು. ನಿಮಗೆ ಮರಾಠಿ ಓದಲು ಕಷ್ಟವಾದರೆ ನಾಚಿಕೆ ಬೇಡ. ಗೊತ್ತಿರುವವರನ್ನು ಕೂರಿಸಿಕೊಂಡು ಕೊನೆಯ ಸಾಲಿನವರೆಗೂ ಓದಿಸಿ, ಆಮೇಲೆ ಪೆನ್ನು ಹಿಡಿಯಿರಿ.